ಸೋಂಕಿನ ಜಾಡು

ರಾತ್ರಿ ಎರಡು ಗಂಟೆಗೆ ಹಾಸ್ಟೆಲ್ ಕೋಣೆಯ ಬಾಗಿಲ ಮೇಲೆ ‘ಟಿಕ್’ ಎಂದಿತು. ಅಲ್ಲಿ ಕೂರಿಸಿದ್ದ ಬೆಂಕಿಪೊಟ್ಟಣದಷ್ಟು ಚಿಕ್ಕ ಯಂತ್ರ, ಗಾಳಿಯಲ್ಲಿ ಫ್ಲೂ ವೈರಾಣು ಸಿಕ್ಕಾಗ ಮಾತ್ರ ಸದ್ದು ಮಾಡುತ್ತಿತ್ತು. ಓದುತ್ತಿದ್ದ ಶಿವಲೀಲಾ ತಲೆಯೆತ್ತಿ ನೋಡಿದಳು, ಮೂಗು ಒರೆಸಿಕೊಂಡು ಮತ್ತೆ ಓದತೊಡಗಿದಳು. ಎದುರಿನ ಮಂಚದಲ್ಲಿ ತಬಸ್ಸುಮ್ ಮಲಗಿದ್ದಳು. ಹನ್ನೊಂದು ದಿನಗಳ ನಂತರ ಅವಳು ತೀರಿಕೊಂಡಳು.

ಅದು 2061ನೇ ಇಸವಿ. ಯಂತ್ರವನ್ನು ರೂಪಿಸಿದವರು ಧಾರವಾಡದ ಡಾ. ವಾಸಂತಿ ಹೆಬಸೂರ. ವೈರಾಣು ಮೈಯೊಳಗೆ ತನ್ನ ನಕಲು ತೆಗೆಯುವಾಗ ಸಣ್ಣ ತಪ್ಪುಗಳನ್ನು ಮಾಡುತ್ತದೆ. ಆ ತಪ್ಪುಗಳನ್ನು ಓದಿ, ಸೋಂಕು ಯಾರಿಂದ ಯಾರಿಗೆ ದಾಟಿತೆಂದು ಯಂತ್ರ ಹೇಳುತ್ತಿತ್ತು. ಸೋಂಕು ಹರಡಿದವರ ಹೆಸರು ಹೊರಬೀಳುತ್ತದೆಂದರೆ ವಿದ್ಯಾರ್ಥಿಗಳು ತಾವಾಗಿಯೇ ಲಸಿಕೆಗೆ ಬರುತ್ತಾರೆಂದು ವಾಸಂತಿ ನಂಬಿದ್ದರು.

ತಬಸ್ಸುಮ್ ತೀರಿಕೊಂಡ ಮರುದಿನ ಶಿವಲೀಲಾ ವಾಸಂತಿಯವರ ಪ್ರಯೋಗಾಲಯಕ್ಕೆ ಬಂದು ಬಾಗಿಲಲ್ಲೇ ನಿಂತಳು.

“ಮೇಡಂ, ನಾ ಲಸಿಕಿ ಹಾಕಿಸ್ಕೊಂಡಿಲ್ರಿ.”

“ನಿನ್ನ ಹೆಸರು ಲಸಿಕಿ ಪಟ್ಟಿಯೊಳಗ ಐತಲ್ಲವ್ವಾ?”

“ಪ್ರಾಕ್ಸಿರಿ. ನನ್ನ ಕಾರ್ಡ್ ತಗೊಂಡು ಸೀನಿಯರ್ ಒಬ್ಬಾಕಿ ನನ್ನ ಬದಲಿ ಹಾಕಿಸ್ಕೊಂಡ್ಲು. ‘ಹಾಜರಿಗೆ ಪ್ರಾಕ್ಸಿ ನಡೀತೈತಿ, ತೋಳಿಗ್ಯಾಕ ನಡಿಯೂದಿಲ್ಲ’ ಅಂತ ನಕ್ಕಳು. ಮರುದಿನ ನನಗ ಪರೀಕ್ಷಾ ಇತ್ರಿ, ಲಸಿಕಿಯಿಂದ ಜ್ವರ ಬಂದ್ರ ಅಂತ ಹೆದರಿದೆ.”

“ಆಮ್ಯಾಲಾದ್ರೂ ಬರಬೇಕಿತ್ತು.”

“ಫ್ಲೂ ಅಂದ್ರ ನೆಗಡಿ ಅಷ್ಟ ಅನ್ಕೊಂಡಿದ್ದೆ. ನನಗ ನಾಕ ದಿನ ಮೂಗು ಸುರೀತು, ಮುಗೀತು. ತಬಸ್ಸುಮ್‌ಗ ಕಿಡ್ನಿ ಕಸಿ ಆಗಿತ್ರಿ, ಅದರ ಗುಳಿಗಿಯಿಂದ ಲಸಿಕಿ ಆಕಿ ಮೈಗೆ ಹತ್ತತಿರಲಿಲ್ಲ. ‘ನೀವೆಲ್ಲಾರೂ ಚುಚ್ಚಿಸ್ಕೊಂಡ್ರ ಅದ ನನ್ನ ಔಷಧ’ ಅಂತಿದ್ಲು.” ಅವಳು ಒಂದು ಹೆಜ್ಜೆ ಒಳಗೆ ಬಂದಳು. “ನನ್ನಿಂದನ ಆಕಿಗೆ ಸೋಂಕು ಹೋತೇನ್ರಿ?”

ವಾಸಂತಿಯವರ ಮುಂದಿನ ಪರದೆಯಲ್ಲಿ ಶಿವಲೀಲಾ, ತಬಸ್ಸುಮ್ ಎಂಬ ಎರಡು ಹೆಸರುಗಳಿದ್ದವು. ನಡುವೆ ಒಂದೇ ಗೆರೆ, ಮೂರನೆಯವರಿಲ್ಲ.

“ತಿಳೀಲಿಲ್ಲವ್ವಾ. ಜಾಡು ನಡುವ ಕಡದೈತಿ. ಊಟ ಮಾಡಿಯೇನು? ಹೋಗು, ಮೊದಲ ಊಟ ಮಾಡು.”

ಹುಡುಗಿ ಹೋದ ಮೇಲೆ ಅವರು ಮತ್ತೆ ಪರದೆಯತ್ತ ತಿರುಗಿದರು. ಈ ಒಂದು ಹೆಸರನ್ನು ಸೂಚನಾ ಫಲಕಕ್ಕೆ ಹಾಕಿದರೆ ಮುಂದಿನ ವರ್ಷ ಯಾರೂ ಪ್ರಾಕ್ಸಿ ಹಾಕಲಾರರು. ಇನ್ನೊಬ್ಬ ತಬಸ್ಸುಮ್ ಉಳಿಯಬಹುದು. ಆದರೆ ಹತ್ತೊಂಬತ್ತರ ಈ ಹುಡುಗಿ ಉಳಿಯುವಳೇ? ಈ ಯಂತ್ರ ಬರುವ ಮೊದಲು ಜನ ಬಸ್ಸಿನಲ್ಲಿ, ತರಗತಿಯಲ್ಲಿ, ಮದುವೆಮನೆಯಲ್ಲಿ ಕೆಮ್ಮಿ ಎದ್ದುಹೋಗುತ್ತಿದ್ದರು. ಆ ಕೆಮ್ಮು ಎಲ್ಲಿಗೆ ತಲುಪಿತು, ಯಾರ ಮನೆಯಲ್ಲಿ ಯಾರನ್ನು ಮಲಗಿಸಿತು ಎಂದು ಅವರಿಗೆ ಯಾರೂ ಬಂದು ಹೇಳಲಿಲ್ಲ. ಹೇಳದಿದ್ದುದರಿಂದ ಅದು ಆಗಲೇ ಇಲ್ಲವೆಂಬಂತೆ ಬದುಕಿದರು.

ವಾಸಂತಿ ಗೆರೆಯನ್ನು ಅಳಿಸಿದರು. ವಿಶ್ವವಿದ್ಯಾಲಯ ಕೇಳಿದರೂ, ತಬಸ್ಸುಮಳ ತಾಯಿಯೇ ಬಂದು ಎದುರು ಕುಳಿತರೂ, ಆ ಗೆರೆಯ ವಿಷಯ ಯಾರಿಗೂ ಹೇಳಬಾರದೆಂದು ನಿರ್ಧರಿಸಿದರು.