ಪಶ್ಚಿಮಕ್ಕೆ ಎಷ್ಟು ದೂರ

"ಹೊಸಬರಿಗೆ ಯಾವ ಸಮುದ್ರ ಚಲೋ ಆಗತೈತ್ರಿ?"

ನಾನು ಬುಕಿಂಗ್ ಚಾರ್ಟಿನಿಂದ ತಲೆ ಎತ್ತಲಿಲ್ಲ. ನಿಪ್ಪಾಣಿಯ ಹೈವೇ ಪಕ್ಕದಲ್ಲಿ ನಮ್ಮ ಅಣ್ಣನ ಟ್ರಾವೆಲ್ಸ್ ಆಫೀಸು. ಏಪ್ರಿಲ್ ಬಂತೆಂದರೆ ಸಮುದ್ರ ಕೇಳಿಕೊಂಡು ಬರುವವರೆಲ್ಲ ಹೊಸದಾಗಿ ಮದುವೆಯಾದವರೇ.

"ಗೋವಾ," ಎಂದೆ. "ಜೋಡಿ ಸೀಟು ಮುಂದ ಕೊಡ್ಲ್ಯೋ, ನಡುವ ಕೊಡ್ಲ್ಯೋ?"

"ಜೋಡಿ ಇನ್ನಾ ಆಗಿಲ್ರಿ. ನಾ ನೀರಿಗೆ ಹೊಸಬ ಅಂದೆ."

ಆಗ ನೋಡಿದೆ. ಮೂವತ್ತು ದಾಟಿದ ಎತ್ತರದ ಗಂಡಸು. ಅಂಗಿ ಇಸ್ತ್ರಿ ಮಾಡಿದ್ದು, ಆದರೂ ಮೈಯಿಂದ ಕಬ್ಬಿನ ಕಾಕಂಬಿಯ ವಾಸನೆ. ಯಾವುದೋ ಇಂಗ್ಲಿಷ್ ಮ್ಯಾಗಜೀನಿನಿಂದ ಹರಿದ ಚಿತ್ರವನ್ನು ಟೇಬಲ್ ಮೇಲೆ ಹರವಿದ. ಮನೆಯಷ್ಟು ಎತ್ತರದ ಅಲೆ, ಅದರ ಮೇಲೊಂದು ಹಲಗೆ, ಹಲಗೆಯ ಮೇಲೆ ಒಬ್ಬ ಮನುಷ್ಯ.

"ಇದಕ್ಕ ಸರ್ಫಿಂಗ್ ಅಂತಾರ್ರಿ. ಫ್ಯಾಕ್ಟರಿ ಕ್ಲಬ್ಬಿನ ಕೇಬಲ್ ಟಿ.ವಿ.ಯಾಗ ನೋಡೀನಿ. ನಾ ಇದನ್ನ ಕಲೀಬೇಕು."

"ಯಾಕ?"

ಅವನು ನಿಜವಾಗಿಯೂ ಯೋಚಿಸಿದ. "ಈಗ ಬಿದ್ದ, ಈಗ ಬಿದ್ದ ಅನಸತೈತ್ರಿ. ಆದ್ರ ಬೀಳೂದಿಲ್ಲ. ಅದಕ್ಕ."

ಹೆಸರು ಆಬಾಸಾಹೇಬ. ಚಿಕ್ಕೋಡಿ ಹತ್ತಿರದ ಸಕ್ಕರೆ ಫ್ಯಾಕ್ಟರಿಯಲ್ಲಿ ಪ್ಯಾನ್‌ಮನ್. ಕಬ್ಬಿನ ರಸ ಕುದಿದು ಕಾಳು ಕಟ್ಟುವ ಹೊತ್ತನ್ನು ಕಣ್ಣಿಟ್ಟು ಕಾಯುವ ಕೆಲಸ. ನವೆಂಬರಿನಿಂದ ಏಪ್ರಿಲ್‌ವರೆಗೆ ಸೀಸನ್, ಆಗ ರಜೆ ಇಲ್ಲ. ಜೂನ್ ಬಂದರೆ ಮಳೆ, ಸಮುದ್ರಕ್ಕೆ ಹುಚ್ಚು ಹಿಡಿಯುತ್ತದೆ. ಅವನ ಪಾಲಿಗೆ ಉಳಿದದ್ದು ಮೇ ಒಂದೇ.

"ಈಜು ಬರತೈತೇನ್ರಿ?"

"ಬಾವ್ಯಾಗ ಬರತೈತಿ. ಸಣ್ಣಾಂವಿದ್ದಾಗ ಬೆನ್ನಿಗೆ ಡಬ್ಬಿ ಕಟ್ಟಿ ಒಗದಿದ್ರು."

ಬೇರೆ ಯಾರಾದರೂ ಆಗಿದ್ದರೆ ನಕ್ಕಿರುತ್ತಿದ್ದರು. ನಾನು ಅವನ ಹೆಸರು ಬರೆದುಕೊಂಡು, ವಾರ ಬಿಟ್ಟು ಬನ್ನಿ, ಡ್ರೈವರುಗಳನ್ನು ಕೇಳಿ ಇಡುತ್ತೇನೆ ಎಂದೆ.

ನನ್ನ ವಿಷಯ ಹೇಳಿಬಿಡುತ್ತೇನೆ. ಆಗ ನನಗೆ ಇಪ್ಪತ್ತೆಂಟು. ಮೂರು ವರ್ಷದ ಹಿಂದೆ, ತೊಂಬತ್ತೆರಡರಲ್ಲಿ, ಅಂಬೋಲಿ ಘಾಟಿನಲ್ಲಿ ಜೀಪು ಉರುಳಿ ನನ್ನ ಗಂಡ ತೀರಿಹೋದರು. ಮಾತಾಡಿಸಲು ಬಂದವರು ಅತ್ತರು, ನಾನು ಅವರಿಗೆ ಚಹಾ ಮಾಡಿಕೊಟ್ಟೆ. ಒಂದು ದಿನ ಹಾಲು ಉಕ್ಕಿ ಒಲೆ ಆರಿಹೋಗುವ ತನಕ ನೋಡುತ್ತ ನಿಂತಿದ್ದೆನಂತೆ. ಆಮೇಲೆ ದೀಪಾವಳಿಯೂ ಅಷ್ಟೇ, ಸೋಮವಾರವೂ ಅಷ್ಟೇ. ಸಾರಿಗೆ ಉಪ್ಪು ಹಾಕದಿದ್ದರೂ ಉಣ್ಣುತ್ತಿದ್ದೆ. ದುಃಖ ಎಂದು ಜನ ಅದಕ್ಕೆ ಹೆಸರಿಟ್ಟರು. ದುಃಖವಾಗಿದ್ದರೆ ಎಷ್ಟೋ ಚಲೋ ಇತ್ತು.

ಸಮುದ್ರವನ್ನಂತೂ ನಾನು ಕಂಡೇ ಇರಲಿಲ್ಲ. ದಿನವಿಡೀ ಕುಳಿತು ಊರ ಮಂದಿಗೆಲ್ಲ ಸಮುದ್ರಕ್ಕೆ ಟಿಕೆಟ್ ಬರೆಯುತ್ತಿದ್ದೆ.

ಆಬಾಸಾಹೇಬ ಮುಂದಿನ ವಾರ ಬಂದ. ಅದರ ಮುಂದಿನ ವಾರವೂ ಬಂದ. ಆಮೇಲೆ ವಾರ ತುಂಬುವವರೆಗೆ ಕಾಯುವುದನ್ನೂ ಬಿಟ್ಟ. ನಾನು ಒಂದು ನೋಟ್‌ಬುಕ್ ಮಾಡಿದ್ದೆ. ಗಣಪತಿಪುಳೆ: ನೀರು ಕಾಲು ಹಿಡಿದು ಒಳಗೆ ಎಳೆಯುತ್ತದೆ, ಬೇಡ. ರತ್ನಾಗಿರಿ: ಕೆಲವು ಕಡೆ ಬಂಡೆ. ಕಾರವಾರ: ಅಲೆ ಸಣ್ಣದು, ನಿಂತರೂ ನಿಂತಂತೆ ಅನ್ನಿಸುವುದಿಲ್ಲ. ಗೋವಾ: ಹಲಗೆ ಸಿಗುತ್ತದೆ, ಜೊತೆಗೆ ನೋಡಿ ನಗುವವರೂ ಸಿಗುತ್ತಾರೆ.

"ಇದೇನ್ರಿ, ಕನ್ಯಾ ನೋಡಿದಂಗ ನೋಡೀರಲ್ಲ," ಎಂದು ಅವನು ನಕ್ಕ. "ಒಂದಕ್ಕೂ ಹ್ಞೂಂ ಅನ್ನವಲ್ರಿ."

"ಮುಳುಗಿದ್ರ ನಮ್ಮ ಆಫೀಸಿನ ಹೆಸರು ಕೆಡತೈತ್ರಿ."

"ಅಷ್ಟಽ ಏನು?"

ನಾನು ನೋಟ್‌ಬುಕ್ ಅವನತ್ತ ಸರಿಸಿದೆ. ಅವನು ಪುಸ್ತಕ ನೋಡುವ ನೆವದಲ್ಲಿ ನನ್ನ ಬೆರಳಿಗೆ ಹತ್ತಿದ ಶಾಯಿ ನೋಡುತ್ತಿದ್ದ. ನಾನು ಬೆರಳು ಮಡಿಸಿದೆ. ಅವನ ಕಣ್ಣು ನನ್ನ ಮುಖಕ್ಕೆ ಬಂತು, ಅಲ್ಲೇ ಸ್ವಲ್ಪ ನಿಂತಿತು, ಆಮೇಲೆ ಗೋಡೆಯ ಕ್ಯಾಲೆಂಡರಿಗೆ ಹೋಯಿತು. ಕ್ಯಾಲೆಂಡರಿನಲ್ಲಿ ಅಂಥದ್ದೇನೂ ಇರಲಿಲ್ಲ.

ಅವನು ಹೋದ ಮೇಲೆ ಬೆರಳು ಇನ್ನೂ ಮಡಿಸಿಕೊಂಡೇ ಇದ್ದೇನೆಂದು ಗೊತ್ತಾಯಿತು. ಬಿಚ್ಚಿದೆ. ಏನೂ ಅನಿಸಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಐದನೆಯ ಸಲ ಬಂದಾಗ ಹಲಗೆಯ ಸುದ್ದಿ ತಂದಿದ್ದ. ಬಡಿಗ್ಯಾ ಮಲಕಾರಿಗೆ ಅಳತೆ ಕೊಟ್ಟಿದ್ದನಂತೆ, ಅವನು ಮೂರು ಸಲ ಬಾಗಿಲೋ, ಮಂಚವೋ ಎಂದು ಕೇಳಿ, ಕೊನೆಗೆ ಚಿಲಕ ಕೂಡಿಸಲು ಒಂದು ತೂತು ಕೊರೆದೇ ಕಳಿಸಿದ್ದನಂತೆ. ಹೇಳುತ್ತ ಹೇಳುತ್ತ ಅವನು ನನ್ನ ನೋಟ್‌ಬುಕ್ ತಿರುವಿದ. ಹಿಂದಿನ ಪುಟದಲ್ಲಿ ಒಂದು ಹೆಸರು ಬರೆದು ಹೊಡೆದುಹಾಕಿದ್ದೆ.

"ವೆಂಗುರ್ಲೆ," ಎಂದು ಓದಿದ. "ಮಳಲ ನೆಲ. ಇಳಿಜಾರು ಸಾವಕಾಶ. ಮೇ ಹದಿನೈದರ ತನಕ ಹದದ ಅಲೆ. ದಂಡ್ಯಾಗ ಮೀನುಗಾರರು ಇರತಾರ. ಅಲ್ರೀ, ಎಲ್ಲಾ ಕೂಡೇತಿ. ಯಾಕ ಹೊಡದೀರಿ?"

"ಘಾಟು ಇಳೀಬೇಕು. ಅಂಬೋಲಿ."

ನಿಪ್ಪಾಣಿಯಲ್ಲಿ ನನ್ನ ಕಥೆ ಗೊತ್ತಿಲ್ಲದವರಿಲ್ಲ. ಅವನಿಗೂ ಗೊತ್ತಿತ್ತು. ಪುಸ್ತಕ ಮುಚ್ಚಿ ಟೇಬಲ್ ಮೇಲಿಟ್ಟ.

"ತಪ್ಪಾತ್ರಿ."

"ನಿಮ್ಮದೇನು ತಪ್ಪು? ನೀವು ಹೋಗಿ ಬರ್ರಿ. ಒಂದು ಸೀಟು ಬರೀಲ್ಯಾ?"

ಅವನು ಕುಳಿತಲ್ಲೇ ನೇರವಾದ. "ಎರಡ ಬರೀಬೇಕು ಅಂತ ನನ್ನ ಆಸೆ ಐತ್ರಿ. ಸುಮ್ಮನ ಕರಕೊಂಡ ಹೋಗೂದಲ್ಲ. ಉಡಿಕಿ ಮಾಡ್ಕೊಂಡು, ನಿಮ್ಮ ಅಣ್ಣಗ, ಹಡದ ಆಯಿಗೆ ಕೇಳಿ, ಮಂದಿ ಮುಂದ. ಎರಡನೇ ಹೆಸರು ನೀವಽ ಬರಕೋಬೇಕು."

ನಮ್ಮಲ್ಲಿ ಗಂಡ ಸತ್ತವಳು ಉಡಿಕಿಯಾಗಿ ಮತ್ತೊಂದು ಮನೆ ಸೇರುವುದು ಹೊಸತಲ್ಲ. ಅವನೂ ನಮ್ಮ ಜೈನರವನೇ. ಯಾರೂ ಬೇಡ ಎನ್ನುವಂತಿರಲಿಲ್ಲ. ಆದರೂ ನಾನು ಬೇಡ ಎಂದೆ.

"ನನಗ ದಿಗ್ವ್ರತ ಐತ್ರಿ."

ಅದು ದಿಕ್ಕುಗಳಿಗೆ ಗೆರೆ ಹಾಕಿಕೊಳ್ಳುವ ವ್ರತ. ನಾಲ್ಕೂ ದಿಕ್ಕಿಗೆ ಇಷ್ಟು ದೂರ ಎಂದು ಗುರುಗಳ ಮುಂದೆ ಹೇಳಿಬಿಟ್ಟರೆ, ಜೀವ ಇರುವ ತನಕ ಅದರಾಚೆ ಕಾಲಿಡುವಂತಿಲ್ಲ. ಗಂಡ ತೀರಿಹೋದ ವರ್ಷವೇ, ಬಸದಿಗೆ ಮುನಿಗಳು ಬಂದಾಗ ಆಗಿತ್ತು. ಪೂರ್ವಕ್ಕೆ ಅಥಣಿ, ಉತ್ತರಕ್ಕೆ ಮಿರಜ, ದಕ್ಷಿಣಕ್ಕೆ ಘಟಪ್ರಭಾ. ಪಶ್ಚಿಮಕ್ಕೆ ನಿಪ್ಪಾಣಿಯ ಹೈವೇ. ನಮ್ಮ ಆಫೀಸಿನ ಕಟ್ಟೆ ಇಳಿದು ರಸ್ತೆ ದಾಟಿದರೆ ನನ್ನ ವ್ರತ ಮುರಿಯುತ್ತಿತ್ತು. ಎದುರಿನ ಅಂಗಡಿಯ ಚಹಾ ಸಹ ನಾನು ಕುಡಿದವಳಲ್ಲ.

ಆಬಾಸಾಹೇಬ ಕಿಟಕಿಯಿಂದ ಆ ರಸ್ತೆಯನ್ನು ತುಂಬ ಹೊತ್ತು ನೋಡಿದ.

"ಇಷ್ಟ ಹತ್ರ ಯಾಕ ಹಾಕ್ಕೊಂಡ್ರಿ?"

"ನಾ ಹಾಕ್ಕೊಳ್ಳಲಿಲ್ಲ. ಗುರುಗಳು ಕೇಳಿದಾಗ ನಾ ಸುಮ್ಮನ ಕುಂತಿದ್ನಿ. ಆಯಿ ಹೇಳಿದ್ಲು."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಮೂರು ವರ್ಷದಲ್ಲಿ ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಅವನು ಎದ್ದ.

"ವ್ರತದ ಮಾತಿನ್ಯಾಗ ನಾ ಬರೂದಿಲ್ರಿ. ಅದು ನಿಮ್ಮದು," ಎಂದ. ಬಾಗಿಲಲ್ಲಿ ತಿರುಗಿದ. "ನಿಮ್ಮದಽ ಆಗಿದ್ರ."

ಅವತ್ತಿನಿಂದ ಅವನು ಬರಲಿಲ್ಲ. ಒಂದು ವಾರ, ಎಂಟು ದಿನ, ಒಂಬತ್ತು ದಿನ. ನಾನು ಎಣಿಸುತ್ತಿದ್ದೇನೆಂದು ಅಣ್ಣನ ಹೆಂಡತಿ ಸುಗಂಧಾ ಹೇಳಿದಳು. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ನಾನು ಆಕೆಗೆ ಹೇಳಿದ ದಿನವೂ ಅದೇ.

ಮೇ ಮೊದಲ ವಾರ ಆರ್ಯಿಕಾ ಮಾತಾಜಿಯೊಬ್ಬರು, ನಮ್ಮ ಜೈನ ಸನ್ಯಾಸಿನಿ, ಊರೂರು ಕಾಲ್ನಡಿಗೆಯಲ್ಲಿ ವಿಹಾರ ಮಾಡುತ್ತ ನಮ್ಮ ಬಸದಿಗೆ ಬಂದರು. ಮಧ್ಯಾಹ್ನದ ಪ್ರವಚನ ಮುಗಿದ ಮೇಲೆ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಹೋಗಿ ಸಣ್ಣಪುಟ್ಟ ನಿಯಮ ಹಿಡಿಯುತ್ತಿದ್ದರು. ಆಯಿ ನನ್ನ ಪಕ್ಕದಲ್ಲಿ ಕುಳಿತಿದ್ದಳು. ನನ್ನ ಆಯಿ ಸೋನಾಬಾಯಿ ಕೆಟ್ಟವಳಲ್ಲ. ಅಳಿಯನ ಹೆಣ ಘಾಟಿನಿಂದ ಬಂದ ದಿನವೇ ಆಕೆಗೆ ಎಲ್ಲ ರಸ್ತೆಗಳ ಮೇಲೂ ಸಿಟ್ಟು ಬಂದಿತ್ತು. ಮಗಳೊಬ್ಬಳಾದರೂ ಕಣ್ಣ ಮುಂದಿರಲಿ ಎಂದಳು. ಅಷ್ಟೇ.

ನಾನು ಮಾತಾಜಿಯ ಮುಂದೆ ಹೋಗಿ ನಮಸ್ಕರಿಸಿ ಎಲ್ಲ ಹೇಳಿದೆ. ಆಯಿಯ ಮುಖ ನೋಡಲಿಲ್ಲ.

"ಮುನಿಗಳು ಕೇಳಿದಾಗ ನೀ ಏನಂದಿ?" ಎಂದು ಮಾತಾಜಿ ಕೇಳಿದರು.

"ಏನೂ ಅನ್ಲಿಲ್ರಿ. ತಲಿ ಸಹ ಅಲಗಿಸಿಲ್ಲ."

"ವ್ರತ ಹಿಡ್ಯಾವರ ಬಾಯಿಂದ ಬರಬೇಕವ್ವಾ. ತಾಯಿ ಬಾಯಿಂದ ಬಂದದ್ದು ತಾಯಿ ಅಂಜಿಕಿ." ಅವರು ಆಯಿಯನ್ನೂ ಒಮ್ಮೆ ನೋಡಿದರು, ಸಿಟ್ಟಿಲ್ಲದೆ. "ಈಗ ಬಿಡತಿಯೋ, ಹಿಡಿತಿಯೋ?"

ಬಿಡಬಹುದಿತ್ತು. ಬಿಟ್ಟರೆ ಎಲ್ಲಾ ದಿಕ್ಕೂ ತೆರೆಯುತ್ತಿತ್ತು. ಆದರೆ ಮೂರು ವರ್ಷ ಯಾವುದೂ ಬೇಕು ಎನಿಸದೆ ಬದುಕಿದವಳಿಗೆ ಎಲ್ಲ ದಿಕ್ಕೂ ಬೇಕಾಗಿರಲಿಲ್ಲ. ಒಂದು ಬೇಕಾಗಿತ್ತು.

"ಹಿಡಿತೀನ್ರಿ," ಎಂದೆ. "ಪೂರ್ವಕ್ಕ ಅಥಣಿ. ಉತ್ತರಕ್ಕ ಮಿರಜ. ದಕ್ಷಿಣಕ್ಕ ಘಟಪ್ರಭಾ."

"ಪಶ್ಚಿಮಕ್ಕ?"

ಆಯಿ ಹಿಂದಿನಿಂದ ಬಂದು ನನ್ನ ಕೈ ಹಿಡಿದಳು. ಮೂರು ವರ್ಷದ ಹಿಂದೆಯೂ ಹೀಗೇ ಹಿಡಿದಿದ್ದಳು. ಆವತ್ತು ಆ ಕೈ ಬಿಸಿಯೋ ತಣ್ಣಗೋ ನನಗೆ ಗೊತ್ತಾಗಿರಲಿಲ್ಲ. ಇವತ್ತು ಬೆವೆತಿತ್ತು.

"ವೆಂಗುರ್ಲೆ."

"ದಂಡಿ ತನಕ?"

"ಅಲ್ರಿ. ಸಮುದ್ರದಾಗ, ಸೊಂಟಮಟ ನೀರಿನ ತನಕ."

ಹೆಣ್ಣುಮಕ್ಕಳು ಗೊಳ್ಳೆಂದು ನಕ್ಕರು. ಮಾತಾಜಿಯೂ ನಕ್ಕು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವದಿಸಿದರು. ಆಯಿ ನನ್ನ ಕೈ ಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

"ಸೊಂಟಮಟ ಅಂದ್ರ ಸೊಂಟಮಟ," ಎಂದಳು ಗದರಿದ ಹಾಗೆ. "ಮುಂದ ಒಂದ ಹೆಜ್ಜಿ ಇಟ್ಟಿ ಅಂದ್ರ ನೋಡು."

ಮರುದಿನ ನಾನೇ ಫ್ಯಾಕ್ಟರಿಗೆ ಫೋನ್ ಮಾಡಿದೆ. ಸಂಜೆಗೆ ಆಬಾಸಾಹೇಬ ಬಂದು, ಒಳಗೆ ಬರದೆ ಕಟ್ಟೆಯ ಕೆಳಗೇ ನಿಂತ. ನಾನು ಚಾರ್ಟ್ ಹಿಡಿದುಕೊಂಡು ಹೊರಗೆ ಬಂದೆ. ಅವನ ಹೆಸರಿನ ಕೆಳಗೆ ನನ್ನ ಹೆಸರು, ಜಿನಮತಿ ಎಂದು ಬರೆದಿದ್ದೆ. ದಿನಾಂಕದ ಜಾಗ ಖಾಲಿ ಬಿಟ್ಟಿದ್ದೆ. ಅದನ್ನು ಅವನು ಅಣ್ಣನ ಹತ್ತಿರ, ಆಯಿಯ ಹತ್ತಿರ ಮಾತಾಡಿ ತುಂಬಬೇಕಿತ್ತು.

ಅವನು ಎರಡು ಸಲ ಓದಿದ. ಮೂರನೆಯ ಸಲ ಓದುವಾಗ ಕಾಗದವನ್ನು ತೀರಾ ಹತ್ತಿರ ಹಿಡಿದುಕೊಂಡ.

ನಾನು ವ್ರತದ ವಿಷಯ ಹೇಳಿದೆ. ಸೊಂಟಮಟ ನೀರಿನದ್ದೂ ಹೇಳಿದೆ.

"ಹಲಗಿ ತಿರುವಾಕ ನಾ ಎದಿಮಟ ಹೋಗಬೇಕಾಗತೈತ್ರಿ," ಎಂದ.

"ನೀವು ಹೋಗ್ರಿ. ನಾ ಸೊಂಟಮಟ ನಿಂತು ನೋಡತೀನಿ."

"ಘಾಟು?"

"ಅಂಜಿಕಿ ಐತ್ರಿ," ಎಂದೆ. "ಭಾಳ ಐತಿ. ನಿನ್ನೆಯಿಂದ ಕೈಕಾಲು ತಣ್ಣಗಾಗ್ಯಾವು. ನೀವು ಮುಳುಗತೀರಿ ಅಂತನೂ ಅಂಜಿಕಿ ಐತಿ."

ಹೇಳುವಾಗಲೇ ಅಳು ಬಂತು. ರಸ್ತೆಯಲ್ಲಿ ಮಂದಿ ಓಡಾಡುವ ಹೊತ್ತು, ಎದುರಿನ ಅಂಗಡಿಯವರು ನೋಡುತ್ತಿದ್ದರು. ಆಬಾಸಾಹೇಬ ಗಾಬರಿಯಾಗಿ ಜೇಬು ತಡಕಿ ಕರ್ಚೀಫು ಕೊಟ್ಟ. ನಾನು ಕಟ್ಟೆಯ ಮೇಲೆ ಕುಳಿತು, ಮೂರು ವರ್ಷದ್ದನ್ನೆಲ್ಲ ಅತ್ತೆ. ಅವನು ಬಿಟ್ಟು ಹೋಗಲಿಲ್ಲ, ಸುಮ್ಮನಿರಿ ಎಂದೂ ಹೇಳಲಿಲ್ಲ, ಮುಗಿಯುವ ತನಕ ಪಕ್ಕದಲ್ಲೇ ಕುಳಿತಿದ್ದ.