ಕರಡಿ ಡೋಲು ಬಾರಿಸಿದ ಮೇಲೆ

ಕ್ಯಾಮೆರಾ ಕಂಡರೆ ನನ್ನ ಬಾಯಿಗೆ ಬೀಗ ಬೀಳುತ್ತದೆ ಎಂದು ಅಕ್ಕನಿಗೆ ಚೆನ್ನಾಗಿ ಗೊತ್ತು. ಆದರೂ ಮದುವೆ ವಿಡಿಯೋ ಮಾಡುವ ಮಹಾಶಯನೊಬ್ಬನನ್ನು, ನಾನು ಆಟಿಕೆ ರಿಪೇರಿ ಮಾಡುವ ತನ್ನ ಗ್ಯಾರೇಜಿಗೆ ಕರೆತಂದು, ನನ್ನೆದುರು ನಿಲ್ಲಿಸಿಯೇಬಿಟ್ಟಳು.

ವಿಷಯ ಇಷ್ಟೇ. ರಸ್ತೆ ಮೂಲೆಯ ಪುಟ್ಟ ಮಳಿಗೆಯಲ್ಲಿ ಆಟಿಕೆ ರಿಪೇರಿ ಅಂಗಡಿ ತೆರೆಯಬೇಕೆಂಬುದು ನನ್ನ ಹುಚ್ಚು. ಬ್ಯಾಂಕಿನವರು ನಕ್ಕು ಕಳಿಸಿದ್ದರು. ಉಳಿದದ್ದು ಕ್ರೌಡ್‌ಫಂಡಿಂಗ್. ಗುರುತು ಪರಿಚಯವಿಲ್ಲದ ಜನ ವಿಡಿಯೋ ನೋಡಿ, ಮನಸ್ಸಾದರೆ ಕೈಲಾದಷ್ಟು ಹಾಕುತ್ತಾರೆ. ತಿಂಗಳೊಳಗೆ ಗುರಿ ಮುಟ್ಟದಿದ್ದರೆ ಎಲ್ಲವೂ ಕೊಟ್ಟವರಿಗೇ ವಾಪಸ್, ನನ್ನ ಅಂಗಡಿ ಗೋವಿಂದ!

“ಮೇಡಂ, ಸ್ವಲ್ಪ ನಗಿ,” ಎಂದ ಆತ.

“ಅಂಗಡಿಗೆ ದುಡ್ಡು ಕೇಳ್ತಿದೀನಿ ಕಣ್ರೀ, ಟೂತ್‌ಪೇಸ್ಟ್ ಮಾರ್ತಿಲ್ಲ!”

ಗಿಳಿಪಾಠ ಒಪ್ಪಿಸಿ ಮುಗಿಸಿದೆ. “ಆಯ್ತು” ಎಂದನಷ್ಟೆ, ಹೋದ ಉಸಿರು ಮರಳಿ ಬಂತು. ಮೇಜಿನ ಮೇಲೆ, ಕೀ ಕೊಟ್ಟರೆ ಡೋಲು ಬಾರಿಸುವ ಹಳೆಯ ಕರಡಿಯೊಂದು ಕೆಟ್ಟು ಕೂತಿತ್ತು. ಆತನನ್ನು ಬೈಯುತ್ತಲೇ ಅದರ ಬೆನ್ನು ಬಿಚ್ಚಿದೆ. ಸ್ಪ್ರಿಂಗ್ ಜಾಗಕ್ಕೆ ಕೂರಿಸಿ, ಮುರಿದ ಕಡ್ಡಿಯ ಬದಲು ನನ್ನ ಹೇರ್‌ಪಿನ್ನಿನ ತುಂಡು ಸಿಕ್ಕಿಸಿ, ಕೀ ತಿರುಗಿಸಿದೆ. ಡಂ ಡಂ ಡಂ!

“ಅಯ್ಯೋ, ಬಾರಿಸ್ತಿದೆ ನೋಡ್ರೀ!” ನಗು ಉಕ್ಕಿ ಬಂತು.

ಆತ ಕರಡಿಯತ್ತ ನೋಡಲೇ ಇಲ್ಲ. “ಇಷ್ಟು ಚೆನ್ನಾಗಿ ನಗೋಕೆ ಬರುತ್ತಾ ನಿಮಗೆ? ಇನ್ಮೇಲೆ ನಂಗೆ ಬೇರೆಯವರ ವಿಡಿಯೋ ಮಾಡೋದೇ ಕಷ್ಟ.”

“ಸಾಕು ಹೋಗ್ರೀ,” ಎಂದೆ. ಕಿವಿ ಬಿಸಿಯಾಗಿತ್ತು.

ಗಿಳಿಪಾಠಕ್ಕೆ ಯಾರು ದುಡ್ಡು ಕೊಡುತ್ತಾರೆ? ಬಂದ ದುಡ್ಡು ಗುರಿಯ ಅರ್ಧಕ್ಕೇ ಕೂತುಬಿಟ್ಟಿತು. ಕೊನೆಯ ವಾರ ಆತ ದನಿ ಸರಿಮಾಡಿ ವಿಡಿಯೋವನ್ನು ಮತ್ತೆ ಹಾಕಿದ. ಮಾರನೇ ದಿನ ಅಕ್ಕ ಫೋನ್ ಹಿಡಿದು ಓಡಿ ಬಂದಳು.

“ಲೇ, ಆಮೇಲೂ ಕ್ಯಾಮೆರಾ ಓಡ್ತಾನೇ ಇತ್ತು, ಕೊನೇದು ಕಟ್ಟೇ ಮಾಡಿಲ್ಲ! ನಿಮ್ಮಿಬ್ಬರ ಮಾತೆಲ್ಲ ಜಗಜ್ಜಾಹೀರು!”

ನಾಚಿಕೆಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಆತ ಮುಖ ಸಪ್ಪೆ ಮಾಡಿಕೊಂಡು ಗ್ಯಾರೇಜಿಗೆ ಬಂದ.

“ಆತುರದಲ್ಲಿ ಬೇರೆ ಫೈಲ್ ಹೋಗ್ಬಿಡ್ತು ಮೇಡಂ. ತಪ್ಪಾಯ್ತು. ಈಗಲೇ ತೆಗೀತೀನಿ. ಆದ್ರೆ ದುಡ್ಡು ಬರ್ತಾ ಇದೆ…”

“ಜನ ಕೊಡ್ತಿರೋದು ನನ್ನ ಕೆಲಸಕ್ಕೋ, ನಿಮ್ಮ ಸರಸಕ್ಕೋ?” ಎಂದು ರೇಗಿದೆ.

ಆತ ಫೋನನ್ನು ನನ್ನ ಕೈಗಿಟ್ಟ. “ನೀವೇ ಓದಿ.”

‘ಹೇರ್‌ಪಿನ್ನಲ್ಲಿ ಕರಡಿ ಎಬ್ಬಿಸಿದ್ಲಲ್ಲ! ನಮ್ಮಜ್ಜನ ಆಟದ ರೈಲು ಇವಳ ಕೈಗೇ.’ ‘ಬೈತಾ ಬೈತಾ ರಿಪೇರಿ ಮಾಡೋ ಕೈ ನೋಡ್ರೋ!’ ಒಂದಾದ ಮೇಲೊಂದು, ಎಲ್ಲ ನನ್ನ ಕೈಯ ಬಗ್ಗೆಯೇ. ಎಂಥ ಖುಷಿ! ಜೋರಾಗಿ ಓದತೊಡಗಿದೆ.

“ಕ್ಯಾಮೆರಾ ಹಿಂದಿರೋ ಹುಡುಗನಿಗೂ ಬೇಗ ಉತ್ತರ ಕೊಡಮ್ಮ…”

ನಾಲಿಗೆ ಕಚ್ಚಿಕೊಂಡೆ.

“ಅದೊಂದು ಬಿಡಿ,” ಎಂದ ಆತ, ಮೇಜಿನ ಸ್ಕ್ರೂಗಳನ್ನು ಸುಮ್ಮಸುಮ್ಮನೆ ಜೋಡಿಸುತ್ತ. ಈಗ ಕಿವಿ ಕೆಂಪಾದದ್ದು ಅವನದು.

ಎರಡು ದಿನ ಊಟ ಸೇರಲಿಲ್ಲ, ಫೋನ್ ಕೆಳಗಿಡಲಿಲ್ಲ. ಮೂರನೆಯ ಸಂಜೆ ಮೂವರೂ ಗ್ಯಾರೇಜಿನಲ್ಲಿ ಕೂತಿದ್ದಾಗ ಅಕ್ಕ ಕಿರುಚಿದಳು. “ಮುಟ್ತು ಕಣೇ! ಗುರಿ ಮುಟ್ತು!” ಎಗರಿ ಕುಣಿದೆ. ಕುಣಿದು ನಿಂತಾಗ ನೋಡಿದರೆ, ನಾನು ಹಿಡಿದಿದ್ದು ಅವನ ಕೈ. ಬಿಡಬೇಕೆನ್ನಿಸಲಿಲ್ಲ.

“ಎಲ್ಲರಿಗೂ ಥ್ಯಾಂಕ್ಸ್ ಹೇಳ್ಬೇಕಲ್ಲ,” ಎಂದು ಅವನನ್ನೂ ಕ್ಯಾಮೆರಾ ಮುಂದಕ್ಕೆ ಎಳೆದೆ.

“ನನ್ನ ಜಾಗ ಅದರ ಹಿಂದೆ, ಮೇಡಂ.”

“ಮೊದಲು ಆ ಮೇಡಂ ಬಿಡಿ.”

ಈ ಸಲ ನನ್ನ ನಾಲಿಗೆ ಕಟ್ಟಲಿಲ್ಲ. “ಅಂಗಡಿ ತೆರೀತಿದೀನಿ, ನಿಮ್ಮೆಲ್ಲರ ದಯೆ. ಇನ್ನು ಉತ್ತರ ಕೇಳಿದ್ರಲ್ಲ, ಇವರು ಅಂದ್ರೆ ನಂಗೆ ಪ್ರಾಣ.” ಹೇಳಿ, ಧೈರ್ಯಕ್ಕೆಂದು ಕರಡಿಗೆ ಕೀ ಕೊಟ್ಟೆ.

ಡೋಲಿನ ಸದ್ದಿನಲ್ಲಿ ಅವನು ಪಿಸುಗುಟ್ಟಿದ. “ಇದನ್ನ ಕಟ್ ಮಾಡ್ಬೇಕಾ?”

“ಮಾಡಿ ನೋಡಿ, ಕೈ ಮುರೀತೀನಿ.”

“ಮುರೀರಿ,” ಎಂದ, ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. “ರಿಪೇರಿ ಮಾಡೋರೂ ನೀವೇ ತಾನೆ?”