ಸಾಕು ಅನ್ನದ ಸಂಪಿ

ಬೆಟ್ಟಗಳಿಗೆ ಇನ್ನೂ ರೆಕ್ಕೆಯಿದ್ದ ಕಾಲದಲ್ಲಿ ಹೇಮಕೂಟವೆಂಬ ರಾಜ್ಯವಿತ್ತು. ಅಲ್ಲಿನವರಿಗೆ ವಲಸೆ ಬಂದವರ ದುಡಿಮೆ ಬೇಕಿತ್ತು; ಅವರ ಜೊತೆ ಬಂದ ನಾಯಿ, ಗಿಳಿ, ಕತ್ತೆ ಬೇಡವಾಗಿತ್ತು. ಹೆಬ್ಬಾಗಿಲಲ್ಲಿ ದಂತಪಾಲನೆಂಬ ಮಾಂತ್ರಿಕನಿದ್ದ. ಬಂದವರು ಆ ಹೊಸ್ತಿಲ ಮೇಲೆ ನಿಂತು ಆಡಿದ ಮಾತು ನಡೆದೇ ತೀರುತ್ತಿತ್ತು. ಅವರ ಬಾಯಿಂದ ‘ಸಾಕು’ ಅನ್ನಿಸುವುದೇ ಅವನ ಕಸುಬು. ಬೇಸತ್ತು ‘ಇದರ ಸಹವಾಸ ಸಾಕು’ ಅಂದರೋ, ಪ್ರಾಣಿ ಅಲ್ಲೇ ಕಲ್ಲು. ಕೋಟೆಗೋಡೆಯೇ ಅಂಥ ಕಲ್ಲುಗಳದ್ದು.

ನೆಲವೇ ಹೊತ್ತಿ ಉರಿದ ನಾಡಿನಿಂದ ಸಂಪಿ ಎಂಬ ಹುಡುಗಿ ತನ್ನ ನಾಯಿ ಗುಡುಗನೊಡನೆ ಬಂದಳು. ಮನೆಯವರೆಲ್ಲ ಬೂದಿಯಾಗಿದ್ದರು. ಅವಳ ಮನೆಯ ವಾಸನೆ ಬಲ್ಲ ಜೀವ ಅದೊಂದೇ ಉಳಿದಿತ್ತು.

“ಏನಮ್ಮ, ಈ ನಾಯಿ ಏನು ಕೆಲಸ ಮಾಡುತ್ತೆ?” ದಂತಪಾಲ ಕೇಳಿದ.

“ನನ್ನ ಜೊತೆ ಇರುತ್ತೆ, ಸ್ವಾಮಿ.”

“ಅದೂ ಒಂದು ಕೆಲಸವಾ?”

“ಮಾಡಿ ನೋಡಿ, ಗೊತ್ತಾಗುತ್ತೆ.”

ದಂತಪಾಲ ಮೊದಲು ಬಿಸಿಲನ್ನು ಹೊಸ್ತಿಲಿಗೇ ಇಳಿಸಿದ. ಅಂಗಾಲು ಸುಟ್ಟು ಸಂಪಿ ಕುಣಿದಾಡಿದಳು. “ಸಾಕಾ?” ಅಂದ. ಅವಳು ನಾಯಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು, ತುಟಿ ಬಿಚ್ಚಲಿಲ್ಲ.

ಆಮೇಲೆ ಗಾಳಿಯಲ್ಲೇ ಮನೆ ಕಟ್ಟಿದ. ಒಳಗೆ ಬಿಸಿ ಅನ್ನ, ಮೆತ್ತನೆ ಹಾಸಿಗೆ. “ನಾಯಿ ಬಿಡು, ಇದು ನಿನ್ನದು. ಇಷ್ಟು ಸಾಕಾ?” ಹೊಟ್ಟೆ ಹೂಂ ಅಂದಿತು. ಬಾಯಿ ಅನ್ನಲಿಲ್ಲ.

ಕೊನೆಗೆ ಗುಡುಗನ ಮೇಲೇ ಮಂತ್ರದ ನೀರು ಎರಚಿದ. ನಾಯಿ ತೋಳವಾಯಿತು, ಅವಳ ತೋಳಿಗೇ ಬಾಯಿ ಹಾಕಿತು. ರಕ್ತ ಸುರಿಯಿತು.

“ಈಗಲಾದರೂ ಸಾಕು ಅನ್ನೇ!”

ಸಂಪಿಗೆ ಸಿಟ್ಟು ನೆತ್ತಿಗೇರಿತು. ತೋಳದ ಮೇಲಲ್ಲ, ಅವನ ಮೇಲೆ. ಹೊಸ್ತಿಲಲ್ಲಿ ಕಾಲೂರಿ ಕೂಗಿದಳು: “ಸಾಕು!”

“ಅಂದಳು! ಅಂದಳು!” ಮಾಂತ್ರಿಕ ಚಪ್ಪಾಳೆ ತಟ್ಟಿದ.

“ಪೂರ್ತಿ ಕೇಳೋ! ನಾನು ಅಂದದ್ದು ‘ನೀನು ಸಾಕು’ ಅಂತ. ಕಲ್ಲು ಮಾಡಿದ ಒಂದೊಂದು ಜೀವವನ್ನೂ ನೀನೇ ಸಾಕು! ಅನ್ನ ಹಾಕಿ ಸಾಕು, ಮೈ ತೊಳೆದು ಸಾಕು, ಅದರವರು ಬರೋ ತನಕ ಸಾಕು!”

ಹೊಸ್ತಿಲ ಮಾತು, ನಡೆಯಲೇಬೇಕು. ಸಾಕುವುದಾದರೆ ಜೀವ ಇರಬೇಕು. ಗೋಡೆ ಬೊಗಳಿತು, ಗೋಡೆ ಕಿರುಚಿತು, ಗೋಡೆ ಮೈಕೊಡವಿ ಎದ್ದು ನಡೆಯಿತು. ದಂತಪಾಲನ ಮಂತ್ರದ ನೀರಿನ ಕುಡಿಕೆ ಉರುಳಿ ಒಡೆದು ಮಾಟ ಬಿಟ್ಟಿತು. ತೋಳ ಮತ್ತೆ ಗುಡುಗನಾಗಿ, ಕುಂಯ್‌ಗುಡುತ್ತ ಸಂಪಿಯ ಗಾಯ ನೆಕ್ಕಿತು.

ಊರೊಳಗೆ ಬಾಯಿ ಮುಚ್ಚಿಕೊಂಡು ದುಡಿಯುತ್ತಿದ್ದ ವಲಸೆಯವರೆಲ್ಲ ಆ ಸದ್ದು ಕೇಳಿ ಓಡಿಬಂದರು. “ಇಷ್ಟು ಹೊತ್ತಾ, ಮುದುಕ?” ಅಂತ ಗಿಳಿಯೊಂದು ತನ್ನ ಯಜಮಾನನನ್ನು ಬೈದೇ ಬೈದಿತು. ಗೋಡೆಯಿಲ್ಲದ ಊರಿಗೆ ಬಾಗಿಲು ಕಾಯುವವನೂ ಬೇಕಾಗಲಿಲ್ಲ. ಸಂಪಿ, ಗುಡುಗ, ಬಂದವರು, ಇದ್ದವರು, ಎಲ್ಲರೂ ಸುಖವಾಗಿ ಬಾಳಿದರು.

ಯಾರೂ ಕರೆದೊಯ್ಯಲು ಬಾರದ ಮುದಿಕತ್ತೆಯೊಂದು ದಂತಪಾಲನ ಪಾಲಿಗೆ ಉಳಿಯಿತು. ಒಂದು ದಿನ ಅದು ಅವನ ಹೆಗಲಿಗೆ ತಲೆಯಿಟ್ಟಿತು. ಬೈಯಲು ಬಾಯಿ ತೆರೆದವನು ಅದರ ಕಿವಿ ಸವರತೊಡಗಿದ.